ಅಷ್ಟು ದೊಡ್ಡ ಲೆನ್ಸ್ ಯಾಕೆ ಬೇಕು?

ಪ್ರಶ್ನೆ: ಹೋದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಕಬಿನಿ ಸಫಾರಿಗೆ ಹೋಗಿದ್ದೆವು. ನಮ್ಮ ಜೀಪಿನಲ್ಲಿ ಒಬ್ಬರು ಫಿರಂಗಿಯಂಥ ಲೆನ್ಸು, ಎರಡು ಕ್ಯಾಮೆರಾ, ಏನನ್ನೋ ತುಂಬಿದ ಬಟ್ಟೆಯ ಮೂಟೆ, ಒಂದು ಹಳೇ ಟವೆಲ್ಲು ಎಲ್ಲ ಹರಡಿಕೊಂಡು ಕೂತಿದ್ದರು. ನನ್ನ ಮಗ ಮೊಬೈಲಿನಲ್ಲೇ ಹುಲಿಯ ಫೋಟೊ ತೆಗೆದ. ಮನೆಗೆ ಬಂದು ನೋಡಿದರೆ ಆ ಫೋಟೊದಲ್ಲಿ ಹುಲಿಯನ್ನು ಹುಡುಕಬೇಕಾಯಿತು. ಈಗ ಅವನಿಗೂ ಅಂಥದ್ದೇ ಲೆನ್ಸ್ ಬೇಕಂತೆ. ವೃತ್ತಿಪರ ಛಾಯಾಗ್ರಾಹಕರು ನಿಜವಾಗಿಯೂ ಇಷ್ಟೆಲ್ಲ ಹೊತ್ತು ತಿರುಗುತ್ತಾರೆಯೇ? ಯಾಕೆ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಮೊದಲು ಒಂದು ಮಾತು. ನಿಮ್ಮ ಜೀಪಿನಲ್ಲಿದ್ದವರು ಫೋಟೊ ತೆಗೆದೇ ಹೊಟ್ಟೆ ಹೊರೆಯುವವರು ಆಗಿರುವ ಸಾಧ್ಯತೆ ಕಡಿಮೆ. ಕಬಿನಿ, ಬಂಡೀಪುರಗಳಲ್ಲಿ ದೊಡ್ಡ ಲೆನ್ಸ್ ಹಿಡಿದು ಕೂತವರಲ್ಲಿ ಬಹಳ ಮಂದಿ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದು, ಸಂಬಳ ಉಳಿಸಿ ಈ ಹುಚ್ಚು ಸಾಕಿಕೊಂಡವರು. ಅದರಲ್ಲಿ ತಪ್ಪೇನೂ ಇಲ್ಲ. ಅವರಲ್ಲಿ ಕೆಲವರ ಚಿತ್ರಗಳು ವೃತ್ತಿಯವರದ್ದಕ್ಕಿಂತ ಚೆನ್ನಾಗಿರುತ್ತವೆ. ನಮ್ಮ ಕಡೆ ಕ್ಯಾಮೆರಾದಿಂದಲೇ ಸಂಸಾರ ನಡೆಸುವವರನ್ನು ನೋಡಬೇಕೆಂದರೆ ಕಾಡಿಗೆ ಹೋಗಬೇಕಿಲ್ಲ, ಯಾವುದಾದರೂ ಕಲ್ಯಾಣಮಂಟಪಕ್ಕೆ ಹೋದರೆ ಸಾಕು. ಅವರ ಚೀಲದ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಇರುವುದು ಅಲ್ಲೇ ಎಂದು ನನ್ನ ಎಣಿಕೆ. ಈಗ ಹುಲಿ.

ಹುಲಿ ಜೀಪಿನಿಂದ 30 ಮೀಟರ್ ದೂರದಲ್ಲಿ ಅಡ್ಡಲಾಗಿ ನಡೆದು ಹೋಗುತ್ತಿದೆ ಎಂದುಕೊಳ್ಳೋಣ. ಮೊಬೈಲಿನ ಮುಖ್ಯ ಕ್ಯಾಮೆರಾ ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 24 ಮಿ.ಮೀ. ಲೆನ್ಸಿಗೆ ಸಮ. ಅಷ್ಟು ದೂರದಲ್ಲಿ ಅದು ಸುಮಾರು 45 ಮೀಟರ್ ಅಗಲದ ಕಾಡನ್ನು ಚೌಕಟ್ಟಿನೊಳಗೆ ತುಂಬಿಕೊಳ್ಳುತ್ತದೆ. ಹುಲಿಯ ಮೈ, ಬಾಲ ಬಿಟ್ಟರೆ, ಎರಡು ಮೀಟರಿನ ಆಸುಪಾಸು. ಅಂದರೆ ಚಿತ್ರದ ಅಗಲದಲ್ಲಿ ಹುಲಿಯ ಪಾಲು ಇಪ್ಪತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. 4,000 ಚುಕ್ಕಿ ಅಗಲದ ಫೋಟೊದಲ್ಲಿ ಹುಲಿಗೆ ಸಿಗುವುದು 180 ಚುಕ್ಕಿ. ನಿಮ್ಮ ಮಗನದೂ ತಪ್ಪಿಲ್ಲ, ಮೊಬೈಲಿನದೂ ತಪ್ಪಿಲ್ಲ. ಅದನ್ನು ಮಾಡಿರುವುದೇ ಊಟದ ಮೇಜಿನ ಸುತ್ತ ಕೂತ ಮನೆಮಂದಿಯನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಯಲಿಕ್ಕೆ. ಬೆರಳಿನಿಂದ ಹಿಗ್ಗಿಸಿದಾಗ ಹೊಸ ವಿವರವೇನೂ ಹುಟ್ಟುವುದಿಲ್ಲ, ಇದ್ದ ಚುಕ್ಕಿಗಳೇ ದಪ್ಪಗಾಗುತ್ತವೆ. ಕೆಲವು ದುಬಾರಿ ಮೊಬೈಲುಗಳಲ್ಲಿ 120 ಮಿ.ಮೀ.ಗೆ ಸಮನಾದ ಇನ್ನೊಂದು ಲೆನ್ಸ್ ಇರುತ್ತದೆ. ಅದೂ 30 ಮೀಟರ್ ದೂರದಲ್ಲಿ ಒಂಬತ್ತು ಮೀಟರ್ ಅಗಲವನ್ನು ನೋಡುತ್ತದೆ.

ಪಕ್ಕದವರ 600 ಮಿ.ಮೀ. ಲೆನ್ಸು ಅದೇ ದೂರದಲ್ಲಿ ನೋಡುವುದು 1.8 ಮೀಟರ್ ಮಾತ್ರ. ಹುಲಿ ಚೌಕಟ್ಟಿನ ತುಂಬ ಬರುತ್ತದೆ, ಸ್ವಲ್ಪ ಹೊರಕ್ಕೂ ಚಾಚುತ್ತದೆ. ಹಾಗಾಗಿಯೇ ಅವರ ಬಳಿ ಇನ್ನೊಂದು ಕ್ಯಾಮೆರಾ. ಆನೆಯೊಂದು ದಾರಿ ದಾಟುತ್ತ ಹತ್ತು ಮೀಟರಿಗೆ ಬಂದರೆ 600 ಮಿ.ಮೀ. ಲೆನ್ಸಿನಲ್ಲಿ ಕಾಣುವುದು 60 ಸೆಂ.ಮೀ. ಅಗಲ, ಅಂದರೆ ಬರೀ ಕಣ್ಣು ಮತ್ತು ಅದರ ಸುತ್ತಲಿನ ಸುಕ್ಕು. ಆ ಹೊತ್ತಿನಲ್ಲಿ ಲೆನ್ಸ್ ಬಿಚ್ಚಿ ಇನ್ನೊಂದನ್ನು ಹಾಕುತ್ತೇನೆಂದರೆ ಆನೆ ಕಾಯುವುದಿಲ್ಲ. ಮೇಲಾಗಿ ಬೇಸಿಗೆಯ ಕಬಿನಿಯಲ್ಲಿ ಮುಂದಿನ ಜೀಪು ಎಬ್ಬಿಸಿದ ಕೆಂಪು ಧೂಳು ತೆರೆದ ಕ್ಯಾಮೆರಾದ ಸೆನ್ಸರಿನ ಮೇಲೆ ಕೂತರೆ, ಅಲ್ಲಿಂದ ಮುಂದಿನ ಪ್ರತಿ ಚಿತ್ರದ ಆಕಾಶದಲ್ಲೂ ಅದೇ ಜಾಗದಲ್ಲಿ ಅದೇ ಕಲೆ. ಆದ್ದರಿಂದ ಒಂದು ಕ್ಯಾಮೆರಾಕ್ಕೆ 600, ಇನ್ನೊಂದಕ್ಕೆ 70-200 ಅಥವಾ 100-400 ಹಾಕಿ, ಸಫಾರಿ ಮುಗಿಯುವವರೆಗೆ ಎರಡನ್ನೂ ಬಿಚ್ಚುವುದಿಲ್ಲ. ಆ ಹಳೇ ಟವೆಲ್ಲು ಧೂಳಿಗೆ. ಸಾವಿರಾರು ರೂಪಾಯಿಯ ಹೊದಿಕೆಗಳು ಅಂಗಡಿಯಲ್ಲಿ ಸಿಗುತ್ತವೆ, ಆದರೆ ತಟ್ಟನೆ ಎಳೆದು ಬಿಸಾಡಲು ಟವೆಲ್ಲಿನಷ್ಟು ಅನುಕೂಲ ಅವುಗಳಲ್ಲಿಲ್ಲ.

ಬಟ್ಟೆಯ ಮೂಟೆಗೆ ಬೀನ್ ಬ್ಯಾಗ್ ಎನ್ನುತ್ತಾರೆ. ಜೀಪಿನೊಳಗೆ ಟ್ರೈಪಾಡ್ ಬಿಚ್ಚಲು ಜಾಗವಿಲ್ಲ, ನಾಲ್ಕೂವರೆ ಕಿಲೋ ಭಾರವನ್ನು ಮೂರು ಗಂಟೆ ಕೈಯಲ್ಲಿ ಹಿಡಿದಿರುವುದೂ ಆಗದ ಮಾತು. ಜೀಪಿನ ಕಂಬಿಯ ಮೇಲೆ ಈ ಮೂಟೆ ಇಟ್ಟು, ಅದರಲ್ಲೊಂದು ತಗ್ಗು ಮಾಡಿ ಲೆನ್ಸನ್ನು ಕೂರಿಸಿದರೆ ಅಲುಗಾಡುವುದಿಲ್ಲ. ವಿಮಾನದಲ್ಲಿ ಬರುವವರು ಖಾಲಿ ಚೀಲ ತಂದು, ಇಲ್ಲಿ ಅಕ್ಕಿಯನ್ನೋ ಜೋಳವನ್ನೋ ಕೊಂಡು ತುಂಬಿಕೊಳ್ಳುತ್ತಾರೆ. ಇಡೀ ಸರಂಜಾಮಿನಲ್ಲಿ ಬಿಡಿಭಾಗ ಎಲ್ಲ ಊರಲ್ಲೂ ಸಿಗುವ ಸಲಕರಣೆ ಇದೊಂದೇ.

ಹಾಗಾದರೆ 600 ಮಿ.ಮೀ. ಲೆನ್ಸ್ ಅಷ್ಟು ದಪ್ಪ ಯಾಕಿರಬೇಕು? ಉದ್ದ ಬೇಕಾದ್ದು ದೂರಕ್ಕೆ, ದಪ್ಪ ಬೇಕಾದ್ದು ಬೆಳಕಿಗೆ. ಲೆನ್ಸಿನ ಮೇಲೆ ಎಫ್/4 ಎಂದು ಬರೆದಿದ್ದರೆ, ಅದರ ಉದ್ದದ ಅಂಕಿಯನ್ನು ನಾಲ್ಕರಿಂದ ಭಾಗಿಸಿದಷ್ಟು ಅಗಲದ ಕಂಡಿಯಿಂದ ಬೆಳಕು ಒಳಗೆ ಬರುತ್ತದೆ ಎಂದರ್ಥ. 600ನ್ನು ನಾಲ್ಕರಿಂದ ಭಾಗಿಸಿ: 150 ಮಿ.ಮೀ. ಅಷ್ಟು ಅಗಲದ ಗಾಜು, ಅದರ ಹಿಂದೆ ಇನ್ನೂ ಹಲವು ಗಾಜು, ಅವನ್ನು ಹಿಡಿದಿಡುವ ಲೋಹದ ಕೊಳವೆ. ಇದನ್ನು ಯಾವ ಕಂಪನಿಯವರೂ ಜಾಣತನದಿಂದ ತಪ್ಪಿಸಿಕೊಳ್ಳಲಾರರು. ಕ್ಯಾನನ್‌ನ ಈ ಜಾತಿಯ ಲೆನ್ಸು ಹತ್ತು ಹನ್ನೆರಡು ವರ್ಷದ ಹಿಂದೆ 3.9 ಕಿಲೋ ಇತ್ತು. ಈಗ ಕ್ಯಾನನ್, ಸೋನಿ, ನಿಕಾನ್ ಮೂವರದ್ದೂ ಮೂರು ಕಿಲೋಗಿಂತ ತುಸು ಮೇಲಿವೆ. ಬೆಲೆ ಮಾತ್ರ ಇಳಿದಿಲ್ಲ, ಹತ್ತು ಲಕ್ಷ ರೂಪಾಯಿ ದಾಟುತ್ತದೆ.

ಅಗಲದ ಗಾಜಿಗೆ ಇಷ್ಟು ಹಣ ಯಾಕೆಂದರೆ, ಕಾಡಿನ ಪ್ರಾಣಿಗಳು ಫೋಟೊಕ್ಕೆ ಅನುಕೂಲವಾದ ಬೆಳಕಿನಲ್ಲಿ ಓಡಾಡುವುದಿಲ್ಲ. ಬೆಳಗಿನ ಜಾವ, ಮುಸ್ಸಂಜೆ, ಬಿದಿರುಮೆಳೆಯ ನೆರಳು. ಅಲ್ಲಿ ಫ್ಲ್ಯಾಷ್ ಹಾಕುವಂತಿಲ್ಲ. ನಡೆಯುವ ಪ್ರಾಣಿ ಕಲಸಿಹೋಗದಂತೆ ಸೆಕೆಂಡಿನ 500ನೇ ಒಂದು ಭಾಗದಲ್ಲಿ ಚಿತ್ರ ಹಿಡಿಯಬೇಕು. ಸೆನ್ಸರು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ ಐಎಸ್‌ಒ. ಎಫ್/4ರಲ್ಲಿ ಆ ವೇಗಕ್ಕೆ 6400 ಐಎಸ್‌ಒ ಸಾಕಾಗುವ ಜಾಗದಲ್ಲಿ, ಅಗ್ಗದ ಎಫ್/6.3 ಲೆನ್ಸಿನಲ್ಲಿ ಅದನ್ನು 16,000ಕ್ಕೆ ಏರಿಸಬೇಕಾಗುತ್ತದೆ. ಐಎಸ್‌ಒ ಏರಿದಷ್ಟೂ ಚಿತ್ರದಲ್ಲಿ ಮರಳು ಉದುರಿಸಿದ ಹಾಗೆ ಕಾಳುಕಾಳು. ಹತ್ತು ಲಕ್ಷದ ಲೆನ್ಸಿಗೂ ಎರಡು ಲಕ್ಷದ ಆಸುಪಾಸಿನ ಲೆನ್ಸಿಗೂ ಇರುವ ಅಂತರ ಬಹುಮಟ್ಟಿಗೆ ಇಷ್ಟೇ: ಎರಡೂವರೆ ಪಟ್ಟು ಬೆಳಕು, ಮತ್ತು ಪ್ರಾಣಿಯ ಹಿಂದಿನ ಪೊದೆಯನ್ನು ಇನ್ನಷ್ಟು ಮಸುಕು ಮಾಡುವ ಗುಣ. ಮಧ್ಯಾಹ್ನ ನಾಲ್ಕರ ಬಿಸಿಲಿನಲ್ಲಿ ಹಿನ್ನೀರಿನ ಬಯಲಿನ ಆನೆ ಹಿಂಡನ್ನು ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟರೆ, ಯಾವುದು ಯಾವುದರದ್ದು ಎಂದು ಹೇಳುವುದು ಕಷ್ಟ.

ನಮಗಿಂತ ಹಿಂದಿನವರಿಗೆ 6400 ಐಎಸ್‌ಒ ಎಂಬ ಮಾತೇ ಇರಲಿಲ್ಲ. 1974ರಲ್ಲಿ ಬಂದ ಕೋಡಾಕ್ರೋಮ್ 64 ಎಂಬ ಸ್ಲೈಡ್ ಫಿಲ್ಮ್ ಬಣ್ಣಕ್ಕೆ ಜಗತ್ಪ್ರಸಿದ್ಧವಾಗಿತ್ತು; ಅದರ ಐಎಸ್‌ಒ ಬರೀ 64. ಮೇಲೆ ಹೇಳಿದ ಅದೇ ನೆರಳಿನಲ್ಲಿ ಅದಕ್ಕೆ ಸೆಕೆಂಡಿನ ಐದನೇ ಒಂದು ಭಾಗ ಬೆಳಕು ಬೇಕಿತ್ತು. ಹುಲಿ ಕಿವಿ ಅಲ್ಲಾಡಿಸಿದರೂ ಚಿತ್ರ ಕೆಟ್ಟಂತೆ. ಒಂದು ರೋಲಿಗೆ 36 ಚಿತ್ರ, ಫಲ ಗೊತ್ತಾಗುವುದು ವಾರಗಳ ನಂತರ. ಅಂಥ ಕಾಲದಲ್ಲಿ ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ಕಾಡಿನ ಚಿತ್ರ ತೆಗೆದರು. ಹೇಗೆಂದರೆ, ಭಾರದ ಬದಲು ಸಮಯ ಹಾಕಿದರು. ಎಲೆ ಸೊಪ್ಪಿನ ಮರೆ ಕಟ್ಟಿ, ಅದರೊಳಗೆ ಕೂತು, ಹಕ್ಕಿ ತಾನಾಗಿ ಹತ್ತಿರ ಬರುವವರೆಗೆ ಕಾದರು. ಅಂದು ಗೂಡಿನ ಬಳಿ ಚಿತ್ರ ತೆಗೆಯುವುದು ವಾಡಿಕೆಯಾಗಿತ್ತು. ಇಂದು ತಿಳಿದವರು ಅದನ್ನು ಒಪ್ಪುವುದಿಲ್ಲ, ತಾಯಿಹಕ್ಕಿ ಬೆದರಿ ಗೂಡು ಬಿಡಬಹುದೆಂದು. ಮೈಸೂರಿನ ಕೃಪಾಕರ-ಸೇನಾನಿ ಜೋಡಿ ಕೆನ್ನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದದ್ದು ಗೊತ್ತಿರುವ ಸಂಗತಿ. ಆ ಕೆಲಸಕ್ಕೆ ಬೇಕಾದ್ದು ಕ್ಯಾಮೆರಾಕ್ಕಿಂತ ಮೊದಲು ಕೆನ್ನಾಯಿ ನಾಳೆ ಯಾವ ದಾರಿ ಹಿಡಿಯುತ್ತದೆ ಎಂಬ ಅಂದಾಜು. ಎರಡು ದಿನದ ರಜೆ ಹಾಕಿ ಬಂದವರಿಗೆ ಆ ಅಂದಾಜು ಇರುವುದಿಲ್ಲ, ಇರಬೇಕೆಂದು ಕೇಳುವುದೂ ನ್ಯಾಯವಲ್ಲ. ಅವರು ಅದನ್ನು ಉದ್ದದ ಲೆನ್ಸಿನಿಂದ ತುಂಬಿಕೊಳ್ಳುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಭಾರದ ಮಾತು ಬೇರೆಯೇ. 1860ರ ದಶಕದಲ್ಲಿ ಸ್ಯಾಮ್ಯುಯಲ್ ಬೋರ್ನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕ ಹಿಮಾಲಯಕ್ಕೆ ಹೊರಟಾಗ ಜೊತೆಗೆ ಹತ್ತಾರು ಕೂಲಿಯಾಳುಗಳು. ಗಾಜಿನ ಹಲಗೆಗಳು, ರಾಸಾಯನಿಕದ ಸೀಸೆಗಳು, ಕತ್ತಲಕೋಣೆಯಾಗಿ ಬಳಸುವ ಗುಡಾರ. ಗಾಜಿಗೆ ಬಳಿದ ರಾಸಾಯನಿಕ ಒಣಗುವುದರೊಳಗೆ ಚಿತ್ರ ತೆಗೆದು ತೊಳೆದೂ ಆಗಬೇಕಿತ್ತು, ಆದ್ದರಿಂದ ಸ್ಟುಡಿಯೋವೇ ಬೆಟ್ಟ ಹತ್ತಬೇಕಿತ್ತು. 18 ಸಾವಿರ ಅಡಿಗೂ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ಅವನು 1866ರಲ್ಲಿ ಚಿತ್ರ ತೆಗೆದ. ಹೊತ್ತವರ ಹೆಸರು ನಾನು ಎಲ್ಲೂ ಕಂಡಿಲ್ಲ. ಅದಕ್ಕೂ ಮುಂಚೆ, 1854ರ ಡಿಸೆಂಬರಿನಲ್ಲಿ ಬೇಲೂರು ಹಳೇಬೀಡುಗಳ ಗುಡಿಗಳನ್ನು ಕ್ಯಾಮೆರಾದಲ್ಲಿ ಹಿಡಿದ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಗಾಜಿನ ಬದಲು ಮೇಣ ಹಚ್ಚಿದ ಕಾಗದ ಬಳಸುತ್ತಿದ್ದ. ಅದನ್ನು ಮೊದಲೇ ಸಿದ್ಧಮಾಡಿ ಒಯ್ಯಬಹುದಿತ್ತು, ಒಡೆಯುವ ಭಯವಿರಲಿಲ್ಲ. ಬೆಳಕು ನಿಮಿಷಗಟ್ಟಲೆ ಬೇಕಾದರೇನು, ಹೊಯ್ಸಳರ ಕಲ್ಲು ಎಲ್ಲಿಗೂ ಓಡುವುದಿಲ್ಲವಲ್ಲ.

ಈಗ ಕಲ್ಯಾಣಮಂಟಪಕ್ಕೆ ಬನ್ನಿ.

ಮದುವೆಯಲ್ಲಿ ಅಂತರಪಟ ಸರಿಯುವ ಗಳಿಗೆ ನಿಮಗೆ ಗೊತ್ತು. ವಾದ್ಯದವರು ಜೋರು ಮಾಡುತ್ತಾರೆ, ಪಟ ಕೆಳಗಿಳಿಯುತ್ತದೆ, ಹುಡುಗ ಹುಡುಗಿ ಒಬ್ಬರ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕುತ್ತಾರೆ. ಎರಡು ಮೂರು ಸೆಕೆಂಡು. ಹುಲಿ ಇವತ್ತು ತಪ್ಪಿದರೆ ನಾಳೆಯ ಸಫಾರಿ ಇದೆ, ಇದು ತಪ್ಪಿದರೆ ಇನ್ನೊಮ್ಮೆ ಇಲ್ಲ. ಅದೇ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟಿತು, ಕಾರ್ಡು ಕೆಟ್ಟಿತು ಎಂದು ಹುಡುಗಿಯ ಅಪ್ಪನಿಗೆ ಹೇಳಲು ಸಾಧ್ಯವೇ? ಹಾಗಾಗಿ ಮದುವೆ ಫೋಟೊಗ್ರಾಫರ್ ಚೀಲದಲ್ಲಿ ಎಲ್ಲವೂ ಎರಡೆರಡು. ಎರಡು ಕ್ಯಾಮೆರಾ ಬಾಡಿ, ಒಂದಕ್ಕೆ 24-70, ಇನ್ನೊಂದಕ್ಕೆ 70-200. ಎರಡು ಫ್ಲ್ಯಾಷ್, ಅವಕ್ಕೆ ಸೆಲ್ಲುಗಳ ಎರಡು ಕಟ್ಟು. ಕ್ಯಾಮೆರಾದೊಳಗೂ ಎರಡು ಕಾರ್ಡು; ಪ್ರತಿ ಚಿತ್ರವೂ ಏಕಕಾಲಕ್ಕೆ ಎರಡರಲ್ಲೂ ಬರೆದುಕೊಳ್ಳುವ ಹಾಗೆ. ರಾತ್ರಿ ಮನೆಗೆ ಹೋದ ಮೇಲೆ ಎರಡು ಬೇರೆಬೇರೆ ಹಾರ್ಡ್ ಡಿಸ್ಕಿಗೆ ನಕಲು. ಕಾರ್ಡನ್ನು ಅಲ್ಲಿಯವರೆಗೆ ಅಳಿಸುವುದಿಲ್ಲ, ಕೆಲವರು ಆಲ್ಬಂ ಕೊಟ್ಟ ಮೇಲೆಯೇ ಅಳಿಸುತ್ತಾರೆ.

ವೃತ್ತಿಪರರು ಹೊರುವ ಭಾರದ ಬಹುಪಾಲು ಇದು. ಒಳ್ಳೆಯ ಚಿತ್ರಕ್ಕಾಗಿ ಹೊರುವುದಕ್ಕಿಂತ, ಚಿತ್ರವೇ ಇಲ್ಲ ಎಂದಾಗದಿರಲಿ ಎಂದು ಹೊರುವುದೇ ಹೆಚ್ಚು. ಹವ್ಯಾಸಿಯ ಚೀಲದಲ್ಲಿ ಏಳು ಬಗೆಯ ಲೆನ್ಸ್ ಇರುತ್ತವೆ, ವೃತ್ತಿಯವರ ಚೀಲದಲ್ಲಿ ಒಂದೇ ಬಗೆಯದು ಎರಡಿರುತ್ತದೆ.

ಮಂಟಪದ ಬೆಳಕಿನ ಕಾಟ ಕಾಡಿನದ್ದಕ್ಕಿಂತ ಕಡಿಮೆಯೇನಲ್ಲ. ಅಲಂಕಾರಕ್ಕೆ ಹಾಕಿದ ಎಲ್ಇಡಿ ದೀಪಗಳಲ್ಲಿ ಅಗ್ಗದವು ಸೆಕೆಂಡಿಗೆ 100 ಸಲ ಮಿನುಗುತ್ತವೆ, ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ: ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು. ಶಟರ್ ವೇಗವನ್ನು 50ನೇ ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಮಾಯ. ಫ್ಲ್ಯಾಷನ್ನು ನೇರ ಮುಖಕ್ಕೆ ಹೊಡೆದರೆ ಮುಖ ಬಿಳುಚಿಕೊಳ್ಳುತ್ತದೆಂದು ಮೇಲಕ್ಕೆ ತಿರುಗಿಸಿ ಚಾವಣಿಯಿಂದ ಪುಟಿಸುವುದು ರೂಢಿ. ಆದರೆ ಮೇಲೆ ಹಳದಿ ಶಾಮಿಯಾನ ಕಟ್ಟಿದ್ದರೆ ಪುಟಿದ ಬೆಳಕೂ ಹಳದಿ, ಅರಿಸಿನ ಹಚ್ಚಿದ ಹುಡುಗಿ ಇನ್ನಷ್ಟು ಹಳದಿ. ಅಂಥ ಕಡೆ ಬಿಳಿ ಕೊಡೆ, ಸ್ಟ್ಯಾಂಡು, ಅದನ್ನು ಹಿಡಿಯಲು ಒಬ್ಬ ಹುಡುಗ. ಮಾಂಗಲ್ಯಧಾರಣೆಯ ಹೊತ್ತಿಗೆ ಸೋದರಮಾವಂದಿರು, ಅತ್ತೆಯರು ಎಲ್ಲರೂ ಮೊಬೈಲ್ ಎತ್ತಿ ನಡುವೆ ನಿಲ್ಲುತ್ತಾರಲ್ಲ, ಅದಕ್ಕೊಂದು ಪುಟ್ಟ ಏಣಿ ಅಥವಾ ಸ್ಟೂಲು. ಎಕ್ಸ್‌ಟೆನ್ಷನ್ ಬಾಕ್ಸು, ಅಂಟುಪಟ್ಟಿ, ಸೀರೆಗೆ ಬೇಕಾಗುವ ಪಿನ್ನು ಕೂಡ ಆ ಚೀಲದಲ್ಲಿ ಇರುತ್ತವೆ. ಕಾಡಿನ ಚಿತ್ರಕ್ಕೆ ಬಹುಮಾನ ಕೊಡುವವರು ಈ ಕಸುಬಿನ ಚಾಕಚಕ್ಯವನ್ನು ಗಮನಿಸಿದ್ದು ನಾನು ಕಾಣೆ.

ಮಲೆನಾಡಿನ ಮಳೆಗಾಲದಲ್ಲಿ ಕೆಲಸ ಮಾಡುವವರ ಚೀಲ ಇನ್ನೊಂದು ತರಹ. ಆಗುಂಬೆಯಲ್ಲಿ ಕಪ್ಪೆಯ ಚಿತ್ರ ತೆಗೆಯಲು 600 ಮಿ.ಮೀ. ಯಾಕೆ? ಹೆಬ್ಬೆರಳಿನಷ್ಟು ಪ್ರಾಣಿಗೆ ಒಂದು 100 ಮಿ.ಮೀ. ಮ್ಯಾಕ್ರೊ ಲೆನ್ಸ್, ಪುಟ್ಟ ಫ್ಲ್ಯಾಷ್, ಅದರ ಬೆಳಕನ್ನು ಮೆದುಗೊಳಿಸಲು ಮುಂದೆ ಕಟ್ಟಿದ ಬಿಳಿ ಪ್ಲಾಸ್ಟಿಕ್ ಹಾಳೆ. ಕಾಲಿಗೆ ಜಿಗಣೆಯ ಕಾಲುಚೀಲ, ತಲೆಗೆ ಟಾರ್ಚು. ಮಳೆಗೆ ಸಿಲುಕಿದಾಗ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು. ಅಲ್ಲಿ ನಿಜವಾದ ಶತ್ರು ಮಳೆಯಲ್ಲ, ಮಳೆ ನಿಂತ ಮೇಲಿನ ತೇವ. ಲೆನ್ಸನ್ನು ತೇವದ ಕಪಾಟಿನಲ್ಲಿ ಮುಚ್ಚಿಟ್ಟರೆ ಗಾಜಿನ ಮೇಲೆ ಜೇಡರಬಲೆಯಂತೆ ಬೂಷ್ಟು ಹಬ್ಬುತ್ತದೆ. ಬಿಟ್ಟರೆ ಅದು ಗಾಜಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಹೋಗುವುದಿಲ್ಲ. ಅನುಕೂಲಸ್ಥರು ತೇವವನ್ನು ನೂರಕ್ಕೆ ನಲವತ್ತು ಐವತ್ತರ ಮಟ್ಟದಲ್ಲಿ ಇಡುವ ವಿದ್ಯುತ್ ಪೆಟ್ಟಿಗೆ ಕೊಳ್ಳುತ್ತಾರೆ. ಉಳಿದವರಿಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದು; ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ, ಆ ನೀಲಿ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಲವಣ ಹೊಟ್ಟೆಗೆ ಹೋಗುವಂಥದ್ದಲ್ಲ.

ವಿಮಾನದ ಪಾಡನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಏಳು ಕಿಲೋ ಮಿತಿ. ಮೂರು ಕಿಲೋ ಲೆನ್ಸ್, ಒಂದೂ ಕಾಲು ಕಿಲೋ ಬಾಡಿ, ಎರಡನೆಯ ಬಾಡಿ ಮತ್ತು ಲೆನ್ಸ್ ಸೇರಿ ಎರಡು ಕಿಲೋ. ಚೀಲದ ತೂಕ ಸೇರುವ ಮೊದಲೇ ಆರು ದಾಟಿತು. ಗಾಜಿನ ಸಾಮಾನನ್ನು ಕೆಳಗಿನ ಲಗೇಜಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ಲಿಥಿಯಂ ಬ್ಯಾಟರಿಗಳನ್ನು ಬಿಡಿಯಾಗಿ ಅಲ್ಲಿ ಹಾಕುವಂತೆಯೂ ಇಲ್ಲ, ಬೆಂಕಿಯ ಭಯದಿಂದ ಅವು ಪ್ರಯಾಣಿಕರ ಜೊತೆಗೇ ಇರಬೇಕೆಂದು ನಿಯಮ. ಹತ್ತು ಹನ್ನೆರಡು ಜೇಬಿನ ಆ ಅಂಗಿ ಹಾಕಿಕೊಂಡು ಸೆಕೆಯಲ್ಲಿ ಬೆವರುತ್ತ ನಿಂತವರನ್ನು ವಿಮಾನ ನಿಲ್ದಾಣದಲ್ಲಿ ಕಂಡರೆ ನಗಬೇಡಿ. ಜೇಬಿನಲ್ಲಿ ಲೆನ್ಸಿದೆ.

ಇನ್ನು ನಿಮ್ಮ ಮಗನ ವಿಚಾರ. ಈಗಲೇ ದೊಡ್ಡದನ್ನು ಕೊಡಿಸಬೇಡಿ ಎಂದೇ ನನ್ನ ಸಲಹೆ. ಹಣಕ್ಕಿಂತ ಮುಖ್ಯ ಕಾರಣ, ಅಷ್ಟು ಕಿರಿದಾದ ನೋಟದಲ್ಲಿ ಹಾರುವ ಹಕ್ಕಿಯನ್ನು ಹುಡುಕಿ ಹಿಡಿಯುವುದೇ ಒಂದು ವಿದ್ಯೆ. ಅದು ಬರದಿದ್ದರೆ ಖಾಲಿ ಆಕಾಶದ ಚಿತ್ರಗಳೇ ಬರುತ್ತವೆ. ಹಳೆಯ ಬಾಡಿಯೊಂದು, 70-300 ಮಿ.ಮೀ. ಲೆನ್ಸೊಂದು ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ, ಮುಂದಿನಿಂದ ಬೂಷ್ಟು ಇದೆಯೇ ನೋಡಿ. ನಿಮ್ಮೂರಿನ ಸುತ್ತ ಕೆರೆಗಳಿಗೆ ಬರವಿಲ್ಲ. ಬೆಳಿಗ್ಗೆ ದಂಡೆಯ ಮೇಲೆ ಅಲುಗಾಡದೆ ಕೂತರೆ ಮಿಂಚುಳ್ಳಿ, ಬೆಳ್ಳಕ್ಕಿ ತಾವಾಗಿಯೇ ಹದಿನೈದು ಇಪ್ಪತ್ತು ಅಡಿಗೆ ಬರುತ್ತವೆ, ಅಷ್ಟು ಹತ್ತಿರಕ್ಕೆ 300 ಧಾರಾಳ. ಸೂರ್ಯ ಬೆನ್ನ ಹಿಂದೆ ಇರುವಂತೆ ಕೂರಲಿ.

ಮುಂದಿನ ಸಲ ಕಾಡಿಗೆ ಹೋಗುವಾಗ ಆಸೆ ಇನ್ನೂ ಇದ್ದರೆ, ಬೆಂಗಳೂರಿನಲ್ಲಿ ದೊಡ್ಡ ಲೆನ್ಸುಗಳನ್ನು ದಿನಬಾಡಿಗೆಗೆ ಕೊಡುವವರಿದ್ದಾರೆ. ಗುರುತಿನ ಚೀಟಿ ಮತ್ತು ಮುಂಗಡ ಕೇಳುತ್ತಾರೆ. 150-600 ಅಥವಾ 200-600 ಜೂಮ್ ತನ್ನಿ, ಎರಡು ಕಿಲೋ ಆಸುಪಾಸು, ಹುಡುಗನ ಕೈಗೂ ಆದೀತು, ಆನೆ ಹತ್ತಿರ ಬಂದರೆ ಹಿಂದಕ್ಕೂ ಎಳೆಯಬಹುದು. ಸಫಾರಿಯಲ್ಲಿ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುವ ಪದ್ಧತಿ ಇರುವುದರಿಂದ ಬುಕ್ ಮಾಡುವಾಗಲೇ ವಿಚಾರಿಸಿ. ಬೀನ್ ಬ್ಯಾಗ್ ಕೊಳ್ಳಬೇಡಿ, ಹಳೇ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ ಒಂದು ಬದಿ ಹೊಲಿದು ಮೂರು ಕಿಲೋ ಅಕ್ಕಿ ತುಂಬಿ, ಇನ್ನೊಂದು ಬದಿಯನ್ನೂ ಹೊಲಿಯಿರಿ. ಮತ್ತೆ, ಬಾಡಿಗೆ ಲೆನ್ಸಿನ ಗಾಜಿನ ಮೇಲೆ ಧೂಳು ಕಂಡರೆ ಅಂಗಿಯ ಚುಂಗಿನಿಂದ ಒರೆಸದಿರಲಿ. ರಬ್ಬರಿನ ಗಾಳಿಬುಂಡೆಯಿಂದ ಊದಿ ಹಾಗೇ ಬಿಟ್ಟರಾಯಿತು, ನಾಲ್ಕು ಕಣ ಧೂಳು ಚಿತ್ರದಲ್ಲಿ ಕಾಣುವುದಿಲ್ಲ. ಒರೆಸಿದ ಗೀರಿಗೆ ಮಾತ್ರ ಅಂಗಡಿಯವರು ಮುಂಗಡದಲ್ಲಿ ಹಿಡಿದುಕೊಳ್ಳುತ್ತಾರೆ.